ಇನ್‌ಸ್ಟಾಲರ್‌ನ ಮೂಲ ಕಡತಗಳನ್ನು ಗಿಟ್‌ನಲ್ಲಿ ಇಡುವ ಕ್ರಮ

ಹುಬ್ಬಳ್ಳಿಯಲ್ಲಿ ಕುಳಿತು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಸಿದ್ಧಪಡಿಸುವ ಸಣ್ಣ ತಂಡಗಳು ಪ್ರೋಗ್ರಾಂನ ಕೋಡನ್ನು ಕಡತಗಳ ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್‌ನಲ್ಲಿ ಜೋಪಾನವಾಗಿ ಇಟ್ಟರೂ, ಅದನ್ನು ಗ್ರಾಹಕರ ಕಂಪ್ಯೂಟರಿಗೆ ಅಳವಡಿಸುವ ಇನ್‌ಸ್ಟಾಲರ್‌ನ ಸ್ಕ್ರಿಪ್ಟ್ ಮಾತ್ರ ಯಾರೋ ಒಬ್ಬರ ಡೆಸ್ಕ್‌ಟಾಪ್‌ನಲ್ಲಿ ಉಳಿದುಬಿಡುವುದುಂಟು. ಆ ಕಂಪ್ಯೂಟರ್ ಕೆಟ್ಟರೆ ಹಳೆಯ ಆವೃತ್ತಿಯನ್ನು ಮತ್ತೆ ತಯಾರಿಸಲು ದಾರಿಯೇ ಇರುವುದಿಲ್ಲ.

ಇನ್‌ಸ್ಟಾಲರ್ ತಯಾರಿಸುವ ಸಾಧನಗಳಾದ ಇನ್ನೋ ಸೆಟಪ್‌ನ ಐಎಸ್‌ಎಸ್ (.iss) ಕಡತ, ವಿಕ್ಸ್‌ನ ಡಬ್ಲ್ಯುಎಕ್ಸ್‌ಎಸ್ (.wxs) ಕಡತ ಎರಡೂ ಸಾದಾ ಪಠ್ಯವಾಗಿರುವುದರಿಂದ, ಐಕಾನ್, ಪರವಾನಗಿ ಪಠ್ಯ ಮತ್ತು ಬಿಲ್ಡ್ ಸ್ಕ್ರಿಪ್ಟ್‌ಗಳೊಂದಿಗೆ ಅವನ್ನು ಕೋಡ್ ಇರುವ ರೆಪಾಸಿಟರಿಯಲ್ಲೇ (ಗಿಟ್‌ನ ಸಂಗ್ರಹದಲ್ಲೇ) ಇಡಿ. ಸ್ಕ್ರಿಪ್ಟ್‌ನೊಳಗೆ ‘ಡಿ’ ಡ್ರೈವ್‌ನ ಪೂರ್ಣ ಪಾಥ್ ಬರೆಯದೆ, ಸ್ಕ್ರಿಪ್ಟ್ ಇರುವ ಫೋಲ್ಡರ್‌ನಿಂದ ಆರಂಭವಾಗುವ ಪಾಥ್ ಬರೆಯಿರಿ. ತಯಾರಾದ ಸೆಟಪ್ ಕಡತವನ್ನು ಗಿಟ್ ಕಡೆಗಣಿಸಬೇಕಾದ ಕಡತಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿ. ತಂತ್ರಾಂಶಕ್ಕೆ ಡಿಜಿಟಲ್ ಸಹಿ ಹಾಕುವ ಗುಪ್ತ ಕೋಡ್ ಸೈನಿಂಗ್ ಕೀಯನ್ನಂತೂ ಎಂದಿಗೂ ಕಮಿಟ್ ಮಾಡಬೇಡಿ (ಗಿಟ್‌ನಲ್ಲಿ ದಾಖಲಿಸಬೇಡಿ), ಏಕೆಂದರೆ ಕಡತವನ್ನು ಅಳಿಸಿದ ಮೇಲೂ ಅದು ಹಿಂದಿನ ಕಮಿಟ್‌ಗಳಲ್ಲಿ ಉಳಿದಿರುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗುವುದು ಗುರುತಿನ ಸಂಖ್ಯೆಗಳ ವಿಷಯದಲ್ಲಿ. ಇನ್ನೋ ಸೆಟಪ್‌ನ ಆಪ್‌ಐಡಿ, ವಿಕ್ಸ್‌ನ ಅಪ್‌ಗ್ರೇಡ್‌ಕೋಡ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಾರದು. ಬದಲಾದರೆ ದಲಾಲರ ಕಂಪ್ಯೂಟರಿನಲ್ಲಿ ಒಂದೇ ತಂತ್ರಾಂಶ ಎರಡು ಬಾರಿ ಪಟ್ಟಿಯಾಗುತ್ತದೆ. ಎಂಎಸ್‌ಐ ಕಡತಗಳನ್ನು ಅಳವಡಿಸುವ ವಿಂಡೋಸ್ ಇನ್‌ಸ್ಟಾಲರ್ ಆವೃತ್ತಿ ಸಂಖ್ಯೆಯ ಮೊದಲ ಮೂರು ಭಾಗಗಳನ್ನಷ್ಟೇ ಹೋಲಿಸುವುದರಿಂದ 1.4.2.1 ಮತ್ತು 1.4.2.2 ಅದರ ಲೆಕ್ಕದಲ್ಲಿ ಒಂದೇ. ಆದ್ದರಿಂದ ವಿಕ್ಸ್‌ನಿಂದ ಎಂಎಸ್‌ಐ ತಯಾರಿಸುವವರು ಮೊದಲ ಮೂರು ಅಂಕಿಗಳಲ್ಲಿ ಒಂದನ್ನು ಏರಿಸಬೇಕು.

ಬಿಡುಗಡೆಗೆ ಮುನ್ನ ಗಿಟ್‌ನಲ್ಲಿ ಆವೃತ್ತಿ ಸಂಖ್ಯೆಯದೇ ಟ್ಯಾಗ್ (ಗುರುತಿನ ಹೆಸರು) ಹಾಕಿ, ರೆಪಾಸಿಟರಿಯನ್ನು ಬೇರೊಂದು ಫೋಲ್ಡರ್‌ಗೆ ಹೊಸದಾಗಿ ಕ್ಲೋನ್ ಮಾಡಿ (ನಕಲಿಸಿ), ಅಲ್ಲಿಂದಲೇ ಇನ್‌ಸ್ಟಾಲರ್ ತಯಾರಿಸಿ. ಸ್ಕ್ರಿಪ್ಟ್ ಹೆಸರಿಸಿದ, ಆದರೆ ಕಮಿಟ್ ಆಗದೆ ಉಳಿದ ಡಿಎಲ್‌ಎಲ್ (ಪ್ರೋಗ್ರಾಂಗೆ ಬೇಕಾದ ಲೈಬ್ರರಿ ಕಡತ) ಇದ್ದರೆ ಬಿಲ್ಡ್ ಅಲ್ಲಿಯೇ ನಿಂತು, ಯಾವ ಕಡತ ಇಲ್ಲವೆಂಬುದನ್ನು ತಿಳಿಸುತ್ತದೆ.