ಐಒಸಿಪಿ, ಈಪೋಲ್ ಎರಡಕ್ಕೂ ಒಂದೇ ನೆಟ್‌ವರ್ಕ್ ಕೋಡ್: ನನ್ನ ಅನುಭವ

ಹಲವು ನೆಟ್‌ವರ್ಕ್ ಕನೆಕ್ಷನ್‌ಗಳನ್ನು ಒಟ್ಟಿಗೆ ಕಾಯಲು ಲಿನಕ್ಸ್‌ನಲ್ಲಿರುವ ಈಪೋಲ್ (epoll) ‘ಡೇಟಾ ಬಂದಿದೆ, ಓದಿಕೋ’ ಎನ್ನುತ್ತದೆ. ಅದೇ ಕೆಲಸಕ್ಕೆ ವಿಂಡೋಸ್‌ನಲ್ಲಿರುವ ಐಒಸಿಪಿ (I/O completion port) ‘ನೀನು ಕೊಟ್ಟ ಬಫರ್‌ಗೆ (ಡೇಟಾ ಇಡುವ ಮೆಮೊರಿ ಜಾಗಕ್ಕೆ) ಓದಿ ಹಾಕಿಯಾಯಿತು’ ಎನ್ನುತ್ತದೆ. ಎರಡನ್ನೂ ಜೋಡಿಸುವಾಗ ಬರುವ ತಾಪತ್ರಯಗಳೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಯವು: ಈ ಕ್ಷಣ ಬಫರ್ ಯಾರ ವಶದಲ್ಲಿದೆ?

ಹೊರಗಿನ ಎಪಿಐಗೆ (ನನ್ನ ಕೋಡನ್ನು ಬಳಸುವವರು ಕರೆಯುವ ಫಂಕ್ಷನ್‌ಗಳಿಗೆ) ನಾನು ಮುಗಿದ ಮೇಲೆ ತಿಳಿಸುವ ಐಒಸಿಪಿ ಮಾದರಿಯನ್ನೇ ಇಟ್ಟುಕೊಂಡೆ. ಈಪೋಲ್ ಮೇಲೆ ಅದನ್ನು ಕಟ್ಟುವುದು ಸಲೀಸು. ತಿರುಗಾಮುರುಗಾ ಮಾಡುವುದಾದರೆ, ಅಂದರೆ ವಿಂಡೋಸ್‌ನಲ್ಲಿ ಈಪೋಲ್ ಮಾದರಿ ಬೇಕೆಂದರೆ, ನೆಟ್‌ವರ್ಕ್ ಕೆಲಸ ನೋಡಿಕೊಳ್ಳುವ ವಿಂಡೋಸ್ ಕರ್ನಲ್‌ನ ಎಎಫ್‌ಡಿ ಡ್ರೈವರ್‌ಗೆ ನೇರವಾಗಿ ಪೋಲ್ ಕೋರಿಕೆ (‘ಸಿದ್ಧವಾದರೆ ತಿಳಿಸು’) ಕಳಿಸಬೇಕು. ವೀಪೋಲ್, ರಸ್ಟ್‌ನ ಮಿಯೊ ಲೈಬ್ರರಿಗಳು ಮಾಡುವುದು ಹಾಗೆಯೇ, ಕೆಲಸವೂ ನಡೆಯುತ್ತದೆ. ಆದರೆ ಅದು ವಿಂಡೋಸ್‌ನ ನೆಟ್‌ವರ್ಕ್ ಲೈಬ್ರರಿ ವಿನ್‌ಸಾಕ್‌ನ ಸಾರ್ವಜನಿಕ ಎಪಿಐಯಲ್ಲಿಲ್ಲ, ಒಂದು ಸಲ ಉತ್ತರ ಬಂದ ಮೇಲೆ ಮತ್ತೆ ಹೊಸದಾಗಿ ಹಾಕಬೇಕು.

ಲಿನಕ್ಸ್ ಕಡೆ: ಸಾಕೆಟ್ಟನ್ನು (ಕನೆಕ್ಷನ್‌ನ ನಮ್ಮ ಕಡೆಯ ತುದಿ) ಎಡ್ಜ್-ಟ್ರಿಗರ್ಡ್ (ಹೊಸದಾಗಿ ಏನಾದರೂ ಬಂದಾಗ ಮಾತ್ರ ತಿಳಿಸುವ ರೀತಿ) ಆಗಿ ಒಮ್ಮೆ ನೋಂದಾಯಿಸಿ ಬಿಡುತ್ತೇನೆ. ಕೋರಿಕೆ ಬಂದೊಡನೆ ನಾನ್‌ಬ್ಲಾಕಿಂಗ್ ರೀಡ್ (ಕಾದು ನಿಲ್ಲದ ಓದು). ಇಎಗೇನ್ (EAGAIN, ‘ಈಗ ಡೇಟಾ ಇಲ್ಲ’) ಬಂದರೆ ಮಾತ್ರ ಸರತಿಗೆ. ಹಲವು ಥ್ರೆಡ್‌ಗಳಿದ್ದರೆ ರೀಡ್ ಮತ್ತು ಸರತಿಗೆ ಸೇರಿಸುವುದು ಎರಡೂ ಒಂದೇ ಲಾಕ್‌ನೊಳಗೆ ಆಗಬೇಕು. ಇಲ್ಲದಿದ್ದರೆ ನಡುವಿನ ಸಂದಿಯಲ್ಲಿ ಈವೆಂಟ್ ಬಂದು ಹೋಗುತ್ತದೆ, ಕನೆಕ್ಷನ್ ಸುಮ್ಮನೆ ನೇತಾಡುತ್ತದೆ. ರೀಡ್ ತಕ್ಷಣ ಫಲಿಸಿದರೂ ಕಾಲ್‌ಬ್ಯಾಕನ್ನು (ಕೆಲಸ ಮುಗಿದಾಗ ಕರೆಯಬೇಕಾದ ಫಂಕ್ಷನ್) ಅಲ್ಲೇ ಕರೆಯಬೇಡಿ: ಕಾಲ್‌ಬ್ಯಾಕ್ ಮತ್ತೆ ರೀಡ್ ಕೇಳುತ್ತದೆ, ಅದೂ ತಕ್ಷಣ ಫಲಿಸುತ್ತದೆ, ಕೊನೆಗೆ ಸ್ಟ್ಯಾಕ್ ತುಂಬುತ್ತದೆ. ಈವೆಂಟ್‌ಗಳನ್ನು ಕಾಯುವ ಲೂಪ್‌ನ ಮುಂದಿನ ಸುತ್ತಿಗೆ ಅದನ್ನು ಹಾಕಿ. ಬರೆಯುವಾಗ ಅರ್ಧ ಹೋಗಿ ಅರ್ಧ ಉಳಿಯುವುದು ಮಾಮೂಲು. ಪೂರ್ತಿ ಹೋಗುವ ತನಕ ‘ಮುಗಿಯಿತು’ ಎನ್ನಬಾರದು.

ವಿಂಡೋಸ್‌ನಲ್ಲಿ ಓವರ್‌ಲ್ಯಾಪ್ಡ್ ಸ್ಟ್ರಕ್ಚರನ್ನು (ಪ್ರತಿ ಕೋರಿಕೆಯ ಜೊತೆ ಕರ್ನಲ್‌ಗೆ ಕೊಡುವ ದಾಖಲೆ) ನಮ್ಮ ಆಪರೇಷನ್ ಸ್ಟ್ರಕ್ಟ್‌ನ ಮೊದಲ ಫೀಲ್ಡ್ ಆಗಿ ಇಟ್ಟರೆ ಪ್ಯಾಕೆಟ್‌ನಿಂದ (ಕೆಲಸ ಮುಗಿದಾಗ ಐಒಸಿಪಿ ಕೊಡುವ ಸೂಚನೆ) ಆಪರೇಷನ್ ಹುಡುಕುವ ಕೆಲಸವಿಲ್ಲ. ಓದುವ ಫಂಕ್ಷನ್ ಡಬ್ಲ್ಯುಎಸ್‌ಎರಿಸೀವ್ (WSARecv) 0, ಅಂದರೆ ‘ತಕ್ಷಣ ಮುಗಿಯಿತು’, ಹಿಂದಿರುಗಿಸಿದರೂ ಐಒಸಿಪಿಯ ಪೋರ್ಟ್‌ಗೆ ಪ್ಯಾಕೆಟ್ ಬಂದೇ ಬರುತ್ತದೆ (ಯಶಸ್ವಿಯಾದಾಗ ಪೋರ್ಟ್ ಬಿಟ್ಟುಬಿಡುವ ಮೋಡ್ ಹಾಕಿರದಿದ್ದರೆ). ಇದನ್ನು ಮರೆತರೆ ಒಂದೇ ರೀಡ್ ಎರಡು ಸಲ ಮುಗಿದಂತೆ ಲೆಕ್ಕಕ್ಕೆ ಸಿಗುತ್ತದೆ. ಅದರ ದೋಷ ಸಂಖ್ಯೆ 997 ನಿಜಕ್ಕೂ ದೋಷವಲ್ಲ, ‘ಬಾಕಿ ಇದೆ’ ಎಂದಷ್ಟೇ.

ಮೆಮೊರಿಯೂ ಗಮನಿಸಬೇಕಾದ್ದೇ. ಸುಮ್ಮನೆ ಕೂತ 10,000 ಕನೆಕ್ಷನ್‌ಗಳಿಗೆ ತಲಾ 16 ಕೆಬಿ ಬಫರ್ ಮೊದಲೇ ಕೊಟ್ಟರೆ ಸುಮಾರು 160 ಎಂಬಿ ಸಿಕ್ಕಿಬಿದ್ದಿರುತ್ತದೆ. ಅದಕ್ಕೆ 0 ಬೈಟ್‌ನ ರಿಸೀವ್ (ಬಫರ್ ಇಲ್ಲದೆ, ಸೂಚನೆಗಾಗಿ ಮಾತ್ರ) ಹಾಕಿ. ಅದು ಮುಗಿದ ಮೇಲೆ ಪೂಲ್‌ನಿಂದ ಬಫರ್ ತೆಗೆದು ನಾನ್‌ಬ್ಲಾಕಿಂಗ್ ಆಗಿ ಓದಿ.

ಎಲ್ಲಕ್ಕಿಂತ ಕಷ್ಟದ್ದು ರದ್ದತಿ. ಈಪೋಲ್‌ನಲ್ಲಿ ಕೋರಿಕೆಯನ್ನು ಸರತಿಯಿಂದ ಕಿತ್ತರೆ ಬಫರ್ ಆಗಲೇ ನಮ್ಮದು. ಐಒಸಿಪಿಯಲ್ಲಿ ರದ್ದು ಮಾಡುವ ಫಂಕ್ಷನ್ ಕ್ಯಾನ್ಸಲ್‌ಐಒಇಎಕ್ಸ್ (CancelIoEx) ಬರೀ ಬೇಡಿಕೆ. ಪ್ಯಾಕೆಟ್ ಹೊರಬರುವ ತನಕ ಬಫರ್ ಕರ್ನಲ್‌ನದೇ. ಮೊದಲೇ ಫ್ರೀ ಮಾಡಿದರೆ ಬೇರೆ ಯಾರದೋ ಹೀಪ್ ಮೆಮೊರಿ ಮೇಲೆ ಡೇಟಾ ಬಂದು ಬೀಳುತ್ತದೆ, ಕ್ರ್ಯಾಷ್ ಆಗುವುದು ಸಂಬಂಧವೇ ಇಲ್ಲದ ಕಡೆ. ಉತ್ತರವಾಗಿ 995 (‘ರದ್ದಾಯಿತು’) ಬರಬಹುದು, ಇಲ್ಲವೇ ಓದು ಯಶಸ್ವಿಯಾಗಿಯೇ ಮುಗಿದಿರಬಹುದು. ಆಗ ಆ ಬೈಟ್‌ಗಳನ್ನು ಎಸೆಯದೆ ಮುಂದಿನ ರೀಡ್‌ಗೆ ಕೊಡಬೇಕು. ಆದ್ದರಿಂದ ಲಿನಕ್ಸ್‌ನಲ್ಲೂ ರದ್ದತಿಯ ಉತ್ತರ ಲೂಪ್‌ನ ಮುಂದಿನ ಸುತ್ತಿನಲ್ಲೇ ಬರುವಂತೆ ಮಾಡಿದ್ದೇನೆ.

ಡಿಸ್ಕ್ ಫೈಲ್‌ಗಳಿಗೆ ಈಪೋಲ್ ಬೇಡ. ನೋಂದಾಯಿಸಲು ಹೋದರೆ ಈಪರ್ಮ್ (EPERM) ಎಂಬ ದೋಷ ಬರುತ್ತದೆ. ಥ್ರೆಡ್ ಪೂಲ್ ಇಡಿ, ಇಲ್ಲವೇ ಲಿನಕ್ಸ್ 5.1ರಿಂದ ಇರುವ ಐಒ-ಯೂರಿಂಗ್ (io_uring) ಬಳಸಿ. ಮುಗಿದ ಮೇಲೆ ತಿಳಿಸುವ ಮಾದರಿಯೇ ಅದೂ ಆದ್ದರಿಂದ ಹೊರಗಿನ ಎಪಿಐ ಮುಟ್ಟಬೇಕಾಗಿಲ್ಲ.