ಹಿತ್ತಲಿಗೆ ಕಾಂಕ್ರೀಟ್ ನೆಲ: ಸಾಮಗ್ರಿಯ ಲೆಕ್ಕ ಹಾಕುವ ಬಗೆ

ಬಟ್ಟೆ ಒಣಗಿಸಲು, ಪಾತ್ರೆ ತೊಳೆಯಲು, ಸಂಜೆ ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂರಲು ಹಿತ್ತಲಿನಲ್ಲಿ ಗಟ್ಟಿ ನೆಲ ಬೇಕೆನ್ನುವವರು ಸಿಮೆಂಟ್ ಅಂಗಡಿಗೆ ಹೋಗುವ ಮೊದಲು ಟೇಪು, ನಾಲ್ಕು ಗೂಟ ಮತ್ತು ದಾರ ಹಿಡಿದು ಜಾಗಕ್ಕೆ ಇಳಿಯಬೇಕು. ಅಳತೆ 20 ಅಡಿ ಉದ್ದ, 10 ಅಡಿ ಅಗಲ ಎಂದಿಟ್ಟುಕೊಳ್ಳೋಣ. ಗೂಟ ನೆಟ್ಟು ದಾರ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಅಳೆದಾಗ ಎರಡೂ ಕಡೆ ಸುಮಾರು 22 ಅಡಿ 4 ಇಂಚು ಬಂದರೆ ಮೂಲೆಗಳು ಸರಿಯಾಗಿವೆ.

ಲೆಕ್ಕ ಸಾಮಾನ್ಯವಾಗಿ ತಪ್ಪುವುದು ದಪ್ಪದಲ್ಲಿ. ಜನ ಓಡಾಡುವ ನೆಲಕ್ಕೆ 4 ಇಂಚು ಸಾಕು. 200 ಚದರ ಅಡಿಗೆ ಸುಮಾರು 67 ಘನ ಅಡಿ ಕಾಂಕ್ರೀಟ್ ಆಗುತ್ತದೆ. ಆದರೆ ಮಣ್ಣು ಸರಾಸರಿ ಅರ್ಧ ಇಂಚು ತಗ್ಗಾಗಿದ್ದರೂ ಇನ್ನೂ 8 ಘನ ಅಡಿ, ಅಂದರೆ ಒಂದೂವರೆ ಚೀಲ ಸಿಮೆಂಟ್ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಮಣ್ಣನ್ನು ದಿಮ್ಮಸಿನಿಂದ ಬಡಿದು, ನೀರು ಹರಿದುಹೋಗಲು 10 ಅಡಿಗೆ ಒಂದು ಇಂಚಿನಷ್ಟು ಇಳಿಜಾರನ್ನು ಮಣ್ಣಿನಲ್ಲಿಯೇ ಕೊಟ್ಟು, ದಾರವನ್ನೂ ಕಾಂಕ್ರೀಟಿನ ಮೇಲ್ಮೈ ಬರಬೇಕಾದ ಮಟ್ಟದಲ್ಲಿ ಅದೇ ಇಳಿಜಾರಿಗೆ ಬಿಗಿದು, ದಾರದಿಂದ ಮಣ್ಣಿನವರೆಗಿನ ಆಳವನ್ನು ಒಂಬತ್ತು ಕಡೆಯಾದರೂ ಅಳೆದು, ಅವುಗಳ ಸರಾಸರಿಯನ್ನೇ ದಪ್ಪವೆಂದು ಹಿಡಿಯಬೇಕು. ಈ ಅರ್ಧ ಗಂಟೆಯ ಕೆಲಸವನ್ನು ದಯವಿಟ್ಟು ಬಿಡಬೇಡಿ.

ಜಲ್ಲಿಯ ಸಂದಿನಲ್ಲಿ ಮರಳು, ಮರಳಿನ ಸಂದಿನಲ್ಲಿ ಸಿಮೆಂಟ್ ಸೇರಿಕೊಳ್ಳುವುದರಿಂದ ಒಣ ಸಾಮಗ್ರಿ ಕಾಂಕ್ರೀಟಿನ ಗಾತ್ರಕ್ಕಿಂತ ಹೆಚ್ಚು ಬೇಕು. ರೂಢಿಯಲ್ಲಿರುವ ಲೆಕ್ಕದಂತೆ 67ನ್ನು 1.54ರಿಂದ ಗುಣಿಸಿದರೆ 103 ಘನ ಅಡಿ. 1:2:4ರ ಮಿಶ್ರಣದಲ್ಲಿ, ಅಂದರೆ ಸಿಮೆಂಟ್ ಒಂದು, ಮರಳು ಎರಡು, ಜಲ್ಲಿ ನಾಲ್ಕು ಸೇರಿ, ಒಟ್ಟು ಏಳು ಪಾಲು. ಒಂದು ಪಾಲು ಸುಮಾರು 14.7 ಘನ ಅಡಿ. 50 ಕಿಲೋ ಚೀಲದಲ್ಲಿ ಹೆಚ್ಚುಕಡಿಮೆ 1.23 ಘನ ಅಡಿ ಸಿಮೆಂಟ್ ಇರುವುದರಿಂದ 12 ಚೀಲ, ಮರಳು 29.5 ಘನ ಅಡಿ, 20 ಮಿ.ಮೀ. ಜಲ್ಲಿ 59 ಘನ ಅಡಿ. ಚೆಲ್ಲಿ ಹೋಗುವುದಕ್ಕೆಂದು ಸಿಮೆಂಟ್ ಒಂದು ಚೀಲ, ಉಳಿದವು ನೂರಕ್ಕೆ ಐದರಷ್ಟು ಹೆಚ್ಚಿಗೆ ತರಿಸಿ.

ಮರಳಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು, ಏಕೆಂದರೆ ಒದ್ದೆ ಮರಳು ಉಬ್ಬಿರುತ್ತದೆ. ಗಾಜಿನ ಪಾತ್ರೆಯಲ್ಲಿ 20 ಸೆಂ.ಮೀ. ಎತ್ತರಕ್ಕೆ ಒದ್ದೆ ಮರಳು ಸಡಿಲವಾಗಿ ತುಂಬಿ, ನೀರಿನಲ್ಲಿ ಮುಳುಗಿಸಿ ಕಲಕಿ ಬಿಡಿ. ಅದು 16 ಸೆಂ.ಮೀ.ಗೆ ಕುಸಿದರೆ ನಾಲ್ಕನೇ ಒಂದು ಭಾಗ ಉಬ್ಬಿತ್ತೆಂದು ಅರ್ಥ. ಆಗ 29.5ರ ಬದಲು ಸುಮಾರು 37 ಘನ ಅಡಿ ಬೇಕು. ಲೋಡ್ ಬಂದಾಗ ಸುರಿಸುವ ಮೊದಲೇ ಟ್ರೈಲರಿನ ಒಳಗಿನ ಉದ್ದ, ಅಗಲ ಮತ್ತು ಮರಳನ್ನು ಸಮ ಮಾಡಿದ ಮೇಲಿನ ಎತ್ತರವನ್ನು ಅಳೆದುಕೊಳ್ಳಿ.