ಐಂಡ್‌ಹೋವನ್ ಚಳಿಯಲ್ಲಿ ಸೈಕಲ್: ಕೈ ಕಾಲು ಮರಗಟ್ಟಿಸಿಕೊಂಡವಳ ಕಿವಿಮಾತು

ಹೊಸದಾಗಿ ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಬಂದವರು ನಮ್ಮ ಮನೆಗೆ ಊಟಕ್ಕೆ ಬಂದರೆ ಮೊದಲು ಕೇಳುವುದು ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ. ಒಳ್ಳೆ ಕೈಗವಸು ಎಲ್ಲಿ ಸಿಗುತ್ತೆ ಅಂತ ಇದುವರೆಗೂ ಒಬ್ಬರೂ ಕೇಳಿಲ್ಲ. ಊರಾಡಳಿತದ ಕಚೇರಿಯಲ್ಲಿ ಹೆಸರು ಬರೆಸಿ, ಬಿಎಸ್‌ಎನ್ (ಇಲ್ಲಿಯ ನಾಗರಿಕ ಸೇವಾ ಸಂಖ್ಯೆ) ನಂಬರ್ ತಗೊಳ್ಳಿ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಮಾಡಿಸಿ. ಅದನ್ನೆಲ್ಲ ಆಫೀಸಿನವರೇ ಹೇಳಿಕೊಡುತ್ತಾರೆ. ಚಳಿಯಲ್ಲಿ ಸೈಕಲ್ ಹೊಡೆಯುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಡಚ್ಚರಿಗೆ ಅದು ಅನ್ನ ಕಲಸಿ ತಿನ್ನುವುದನ್ನು ಹೇಳಿಕೊಟ್ಟ ಹಾಗೆ.

ನಾನು ಸಾಗರದ ಕಡೆಯವಳು. ಬಚ್ಚಲ ಒಲೆ ಮುಂದೆ ಕೂತು ಕೈ ಕಾಯಿಸಿಕೊಂಡು ಬೆಳೆದವಳು. ಚಳಿ ಏನು ಅಂತ ನನಗೆ ಗೊತ್ತು ಅನ್ನುವ ಜಂಬ ಇತ್ತು. ಆದರೆ ನಮ್ಮೂರ ಚಳಿ ಬಿಸಿಲೇರಿದರೆ ಮಾಯ. ಇಲ್ಲಿ ಡಿಸೆಂಬರಿನ ನಡುವಿಗೆ ಬಂದರೆ ಸೂರ್ಯ ಹುಟ್ಟುವುದೇ 8.30 ದಾಟಿದ ಮೇಲೆ. ಜನವರಿಯಲ್ಲಿ ಮೂರೋ ನಾಲ್ಕೋ ಡಿಗ್ರಿ, ಅದರ ಜೊತೆ ತೇವ, ಅದರ ಮೇಲೆ ಗಾಳಿ. ಗಾಳಿ ಇಲ್ಲದ ದಿನವೂ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ತುಳಿದರೆ ಎದುರುಗಾಳಿಯನ್ನು ನಾವೇ ಹುಟ್ಟಿಸಿಕೊಳ್ಳುತ್ತೇವೆ. ಅದು ಮೊದಲು ಬಡಿಯುವುದು ಬೆರಳ ಗೆಣ್ಣಿಗೆ.

ಮೊದಲ ವರ್ಷ ನನ್ನ ಹತ್ತಿರ ಇದ್ದದ್ದು ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಕೊಂಡ ಉಲ್ಲನ್ ಗ್ಲೌಸ್. ಹೆಣಿಗೆಯ ತೂತು ತೂತಿನಲ್ಲೂ ಗಾಳಿ. ಏಳು ಕಿಲೋಮೀಟರ್ ತುಳಿದು ಆಫೀಸು ಮುಟ್ಟಿದೆ. ಇಲ್ಲಿಯ ಸೈಕಲ್ಲಿಗೆ ಹಿಂಚಕ್ರದ ಮೇಲೆ ಬಳೆ ಥರದ ಬೀಗ ಇರುತ್ತೆ. ನನ್ನದರಲ್ಲಿ ಕೀ ತಿರುಗಿಸಿ ಹಿಡಿದುಕೊಂಡೇ ಇನ್ನೊಂದು ಕೈಯ ಹೆಬ್ಬೆರಳಿನಿಂದ ಗುಬುಟು ಕೆಳಗೆ ಒತ್ತಬೇಕು. ಹೆಬ್ಬೆರಳು ಕಣ್ಣಿಗೆ ಕಾಣುತ್ತಿದೆ, ಆದರೆ ನನ್ನದಲ್ಲ. ಅಂಗೈಯಿಂದ ಗುದ್ದಿದೆ, ಮೊಣಕೈ ಊರಿದೆ. ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಹುಡುಗನೊಬ್ಬನನ್ನು ಕರೆದು ನನ್ನ ಸೈಕಲ್ಲಿಗೆ ಬೀಗ ಹಾಕಿಸಿಕೊಂಡೆ.

ಅಷ್ಟಕ್ಕೆ ಮುಗಿಯಲಿಲ್ಲ. ಒಳಗೆ ಹೋದವಳೇ ಬಿಸಿನೀರಿನ ನಲ್ಲಿಗೆ ಕೈ ಒಡ್ಡಿದೆ. ಮರಗಟ್ಟಿದ ಕೈಗೆ ನೀರು ಎಷ್ಟು ಬಿಸಿ ಅಂತ ತಿಳಿಯುವುದೇ ಇಲ್ಲ, ಸುಟ್ಟರೂ ಗೊತ್ತಾಗಲ್ಲ. ರಕ್ತ ವಾಪಸು ಬರುವಾಗಿನ ನೋವಿಗೆ ಟಾಯ್ಲೆಟ್ಟಿನಲ್ಲಿ ನಿಂತು ಅತ್ತಿದ್ದೇನೆ. ನೀವು ಹಾಗೆ ಮಾಡಬೇಡಿ. ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ, ಇಲ್ಲ ಉಗುರುಬೆಚ್ಚಗಿನ ನೀರು ಸಾಕು.

ಇನ್ನೊಂದು ತಪ್ಪು, ಕೈ ತಣ್ಣಗಾದರೆ ಕೈಗೇ ಮದ್ದು ಮಾಡಬೇಕು ಅಂದುಕೊಂಡದ್ದು. ದಪ್ಪ ಗ್ಲೌಸ್ ಕೊಂಡೆ. ಜಾಕೆಟ್ ಮಾತ್ರ ತೆಳ್ಳಗಿನದ್ದು, ಕತ್ತು ಬರಿದು. ಮೈಗೆ ಚಳಿ ಹತ್ತಿದರೆ ದೇಹ ಮೊದಲು ಎದೆ ಹೊಟ್ಟೆ ನೋಡಿಕೊಳ್ಳುತ್ತೆ. ಕೈ ಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತೆ. ಬಡವರ ಮನೆ ಯಜಮಾನಿ ಇದ್ದ ಹಾಗೆ, ಇದ್ದದ್ದರಲ್ಲೇ ತೂಗಿಸಬೇಕಲ್ಲ. ಕತ್ತಿಗೆ ಮಫ್ಲರ್ ಸುತ್ತಿ, ಗಾಳಿ ತೂರದ ಜಾಕೆಟ್ ಹಾಕಿದ ದಿನ ಅದೇ ಗ್ಲೌಸಿನಲ್ಲಿ ಬೆರಳು ಆಡಿದವು.

ಗ್ಲೌಸಿಗೆ ಡಚ್ಚಿನಲ್ಲಿ ಹಾಂಡ್‌ಸ್ಖೂನ್ ಅಂತಾರೆ, ಕೈಯ ಬೂಟು ಅಂತ ಅರ್ಥ. ಆದರೆ ಕೊಳ್ಳಬೇಕಾದದ್ದು ಅದನ್ನಲ್ಲ, ವಾಂಟನ್. ನಾಲ್ಕು ಬೆರಳೂ ಒಂದೇ ಗೂಡಿನಲ್ಲಿ, ಹೆಬ್ಬೆರಳಿಗೆ ಬೇರೆ. ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತೆ. ಹ್ಯಾಂಡಲ್ಲಿಗೇ ಕಟ್ಟುವ ದಪ್ಪ ಚೀಲಗಳೂ ಸಿಗುತ್ತವೆ, ಒಳಗೆ ಕೈ ತೂರಿಸಿ ಬ್ರೇಕ್ ಹಿಡಿಯುವುದು. ನೋಡಲು ಎತ್ತಿನ ಕಿವಿ ಇದ್ದ ಹಾಗಿದೆ ಅಂತ ಎರಡು ವರ್ಷ ಮರ್ಯಾದೆಗೆ ಅಂಜಿದೆ. ಸುಮ್ನೆ ಎರಡು ಚಳಿಗಾಲ ಹಾಳು. ಮತ್ತೆ, ಏನೇ ಹಾಕಿದರೂ ಮನೆಯೊಳಗೇ, ಕೈ ಬೆಚ್ಚಗಿರುವಾಗಲೇ ಹಾಕಿಕೊಂಡು ಹೊರಡಿ. ದಾರಿಯಲ್ಲಿ ಗ್ಲೌಸ್ ಕಿತ್ತು ಫೋನಿನಲ್ಲಿ ಮ್ಯಾಪ್ ನೋಡಬೇಡಿ. ಸೈಕಲ್ ಮೇಲೆ ಫೋನ್ ಕೈಯಲ್ಲಿ ಹಿಡಿಯುವುದು 2019ರ ಜುಲೈಯಿಂದ ಅಪರಾಧ. ನಾನು ನೂರು ಯೂರೋಗಿಂತ ಜಾಸ್ತಿ ದಂಡ ಕಟ್ಟಿದ್ದೇನೆ, ಮರಗಟ್ಟಿದ ಬೆರಳಲ್ಲೇ.

ಕಾಲಿನ ಕಥೆ ಇನ್ನೂ ಕೆಟ್ಟದ್ದು. ಊರಿಂದ ತಂದ ಸ್ಪೋರ್ಟ್ಸ್ ಶೂ, ಮೇಲೆಲ್ಲ ಜಾಲರಿ. ಅದರೊಳಗೆ ಎರಡೆರಡು ಕಾಟನ್ ಸಾಕ್ಸ್ ತುರುಕಿದೆ. ಬಿಗಿಯಾದಷ್ಟೂ ರಕ್ತ ಓಡಲ್ಲ. ಕಾಟನ್ನು ಒಮ್ಮೆ ಒದ್ದೆಯಾದರೆ ಮುಗಿಯಿತು. ಇದರ ಜೊತೆಗೆ ಎರಡೂ ಕಾಲಿಗೆ ಬೆಳ್ಳಿ ಕಾಲುಂಗುರ. ಒಂದು ಸಂಜೆ ಸಾಕ್ಸ್ ತೆಗೆದರೆ ಬೆರಳು ಕೆಂಪಗೆ ಊದಿ ತುರಿಸುತ್ತಿವೆ, ಉಂಗುರ ಮಾಂಸದೊಳಗೆ ಕೂತಿದೆ. ವಿಂಟರ್‌ಟೇನನ್ ಅಂತಾರಂತೆ, ಚಳಿಗಾಲದ ಕಾಲ್ಬೆರಳು. ಗಂಡ ಸೋಪುನೀರು ಹಚ್ಚಿ ಹಚ್ಚಿ, ತಿರುಗಿಸಿ ತಿರುಗಿಸಿ ಮುಕ್ಕಾಲು ಗಂಟೆಯಲ್ಲಿ ತೆಗೆದರು. ಮದುವೆಯ ದಿನ ತೊಡಿಸಿದವರೂ ಅವರೇ.

ಆಮೇಲೆ ವಿಡಿಯೋ ಕಾಲಿನಲ್ಲಿ ಅತ್ತೆಗೆ ಕಾಲು ಕಾಣದ ಹಾಗೆ ಕೂರುತ್ತಿದ್ದೆ. ಕೊನೆಗೆ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹರಳೆಣ್ಣೆ ಹಚ್ಚೇ" ಅಂದರು, ಅಷ್ಟೇ. ಈಗ ನವೆಂಬರಿನಲ್ಲಿ ತೆಗೆದು ಕುಂಕುಮದ ಭರಣಿ ಪಕ್ಕ ಇಡುತ್ತೇನೆ. ಹೊಸದಾಗಿ ಬಂದ ಹೆಣ್ಣುಮಕ್ಕಳೇ, ಬೆರಳು ಊದುವ ಮೊದಲೇ ತೆಗೆದಿಡಿ.

ಸಾಕ್ಸ್ ಒಂದೇ ಸಾಕು, ಉಣ್ಣೆಯದ್ದು. ಶೂ ಅರ್ಧ ಸೈಜ್ ದೊಡ್ಡದಿರಲಿ, ಒಳಗೆ ಬೆರಳು ಆಡಬೇಕು. ಇದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು ಅನ್ನುವುದು ನಾಚಿಕೆ. ನಮ್ಮಜ್ಜ ನಟ್ಟಿ ಗದ್ದೆಯಲ್ಲಿ ಮಳೆಗೆ ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ನಿಲ್ಲುತ್ತಿದ್ದರು. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತೆ ಅಂತ ಅವರಿಗೆ ಗೊತ್ತಿತ್ತು. ಆ ಕಂಬಳಿ ನಮ್ಮ ಮನೆ ಅಟ್ಟದಲ್ಲಿ ನುಸಿ ಹಿಡಿದು ಹೋಯಿತು. ನಾನು ಇಲ್ಲಿ ದುಡ್ಡು ಕೊಟ್ಟು ಕುರಿಯ ಕೂದಲು ಕೊಳ್ಳುತ್ತಿದ್ದೇನೆ.

ಮಗುವಿನ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಮಗಳಿಗೆ ಆಗ ಮೂರು ವರ್ಷ, ಹಿಂದಿನ ಸೀಟಿನಲ್ಲಿ. ನಾನು ತುಳಿದು ತುಳಿದು ಬೆವರಿದ್ದೆ, ಹಾಗಾಗಿ ಅವಳಿಗೂ ಬೆಚ್ಚಗಿದೆ ಅಂದುಕೊಂಡೆ. ಅವಳು ತುಳಿಯುತ್ತಿರಲಿಲ್ಲ, ಅಲ್ವಾ? ಮಾತಾಡುತ್ತಿಲ್ಲ ಅಂದರೆ ನಿದ್ದೆ ಬಂದಿದೆ ಅಂದುಕೊಂಡೆ. ಶಿಶುವಿಹಾರದ ಬಾಗಿಲಲ್ಲಿ ಇಳಿಸಿದಾಗ ಕೈ ಮಂಜುಗಡ್ಡೆ. ಅಲ್ಲಿಯ ಹೆಂಗಸು ನನಗೆ ಏನೂ ಅನ್ನಲಿಲ್ಲ. ಮಗಳ ಎರಡೂ ಕೈ ತನ್ನ ಅಂಗೈಯಲ್ಲಿ ಇಟ್ಟುಕೊಂಡು ಊದಿದಳು. ಮಗಳು ಅವಳಿಗೆ "ಕೌಟ್" ಅಂದಳು. ಚಳಿ ಅಂತ ನನಗೆ ಹೇಳಿರಲೇ ಇಲ್ಲ. ಮಗುವಿಗೆ ನಿಮಗಿಂತ ಒಂದು ಪದರ ಜಾಸ್ತಿ ಹಾಕಿ, ಕಾಲಿನ ಮೇಲೆ ಹೊದಿಕೆ ಕಟ್ಟಿ, ನಡುನಡುವೆ ನಿಲ್ಲಿಸಿ ಕೈ ಮುಟ್ಟಿ ನೋಡಿ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅನ್ನುವ ಮಾತನ್ನು ವಿಮಾನದಲ್ಲೇ ಬಿಟ್ಟು ಬನ್ನಿ. ಅದನ್ನು ನಂಬಿ ಒಂದು ವರ್ಷ ಎಲ್ಲ ಒಗೆದು ಪೆಟ್ಟಿಗೆಗೆ ಹಾಕಿದೆ. ಯುಗಾದಿಯ ಬೆಳಿಗ್ಗೆ ಸೀಟಿನ ಮೇಲೆ ಹಿಮ ಕೂತಿತ್ತು. ರಾಜ್ಯೋತ್ಸವಕ್ಕೆ ತೆಗೆಯಿರಿ, ಏಪ್ರಿಲ್ ದಾಟಲಿ, ಆಮೇಲೆ ಒಳಗಿಡಿ.

ಮಗಳಿಗೆ ಈಗ ಹತ್ತು. ಶಾಲೆಯ ಟ್ರಾಫಿಕ್ ಪರೀಕ್ಷೆಗೆ ತಾನೇ ಸೈಕಲ್ ಹೊಡೆದುಕೊಂಡು ಹೋಗುತ್ತಾಳೆ, ಕೈಗವಸು ಇಲ್ಲದೆ, ತೋಳನ್ನು ಬೆರಳ ತುದಿಗೆ ಎಳೆದುಕೊಂಡು. ನಾನು ಬಾಗಿಲಲ್ಲಿ ನಿಂತು ಕನ್ನಡದಲ್ಲಿ ಕೂಗುತ್ತೇನೆ, ಅವಳು ಡಚ್ಚಿನಲ್ಲಿ ಉತ್ತರ ಕೊಟ್ಟು ಮೂಲೆ ತಿರುಗುತ್ತಾಳೆ. ಅವಳಿಗೆ ಚಿಕ್ಕದಾದ ಮೂರು ಜೊತೆ ವಾಂಟನ್ ನಮ್ಮ ಶೆಡ್ಡಿನಲ್ಲಿವೆ, ಎರಡರಿಂದ ಆರು ವರ್ಷದ ಮಕ್ಕಳಿಗೆ ಆಗುತ್ತವೆ. ಅಕ್ಕಿ ಕೇಳಲು ಬಂದಾಗ ತಗೊಂಡು ಹೋಗಿ.